ಕಾಗದವಿಲ್ಲದೆ ಕೊಟ್ಟ ಪಟ್ಟಿ

ಭಯೋತ್ಪಾದನೆ ತಡೆಯಲೆಂದು ಪೋಟಾ ಕಾಯ್ದೆ ಬಂದ ವರ್ಷ ನಾನು ರೋಣ ಮತ್ತು ಗಜೇಂದ್ರಗಡದ ನಡುವೆ ಬಸ್ಸು ನಿಲ್ಲುವ ಊರೊಂದರ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುತ್ತಿದ್ದೆ. ಯಾವ ಊರೆಂದು ಬರೆಯುವುದಿಲ್ಲ, ಯಾರ ಹೆಸರನ್ನೂ ಬರೆಯುವುದಿಲ್ಲ. ಇದರಲ್ಲಿ ಬರುವವರು ಇನ್ನೂ ಅಲ್ಲೇ ಬಾಳುತ್ತಿದ್ದಾರೆ. ಅಪ್ಪ ಅದೇ ಖಾತೆಯಲ್ಲಿ ಲೈನ್‌ಮನ್ ಆಗಿದ್ದವರು, ಸೇವೆಯಲ್ಲಿರುವಾಗಲೇ ತೀರಿಕೊಂಡರು. ಅನುಕಂಪದ ಮೇಲೆ ನನ್ನನ್ನು ತೆಗೆದುಕೊಂಡರು. ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ. ಕರುಣೆಯಿಂದ ಕೊಟ್ಟದ್ದನ್ನು ಯಾವಾಗ ಬೇಕಾದರೂ ಕಸಿದುಕೊಂಡಾರು ಎಂಬ ಹೆದರಿಕೆ ಮೊದಲ ದಿನದಿಂದಲೂ ನನ್ನೊಳಗಿತ್ತು. ಮುಂದಿನದನ್ನು ಹೇಳುವ ಮೊದಲು ಇದನ್ನು ಹೇಳಬೇಕು. ನೆವವೆಂದಲ್ಲ, ನಾನಿದ್ದದ್ದೇ ಹಾಗೆ.

ಊರಲ್ಲಿ ಮೋಟಾರ್ ವೈಂಡಿಂಗ್ ಮಾಡುವ ಹಿರಿಯರೊಬ್ಬರಿದ್ದರು. ಸುಟ್ಟ ಪಂಪ್‌ಸೆಟ್ ಮೋಟಾರುಗಳ ಹಳೆಯ ತಂತಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿಕೊಡುವುದು ಅವರ ಕೆಲಸ. ನರೇಗಲ್, ಹೊಳೆಆಲೂರಿನ ಕಡೆಯ ರೈತರೂ ಮೋಟಾರನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಅವರಲ್ಲಿಗೇ ಬರುತ್ತಿದ್ದರು. ನಾನು ಅವರನ್ನು ಚಾಚಾ ಅನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಅನ್ನುತ್ತಿದ್ದರು. ಎಕ್ಸ್‌ಚೇಂಜಿನ ಫ್ಯಾನು ಕೆಟ್ಟರೆ ಅವರೇ ಬಂದು ನೋಡಬೇಕು. ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಮೇಲೆ ಅವರ ಅಂಗಡಿಗೆ ಫೋನು ಮಂಜೂರಾದಾಗ ಲೈನು ಜೋಡಿಸಿದವಳು ನಾನೇ. ಆ ದಿನ ಪೇಢೆ ತಂದುಕೊಟ್ಟಿದ್ದರು.

ಒಂದು ಮಧ್ಯಾಹ್ನ ಬಿಳಿ ಜೀಪೊಂದು ಬಂದು ನಿಂತಿತು. ಸಾದಾ ಉಡುಪಿನ ಇಬ್ಬರು ಇಳಿದರು. ಒಬ್ಬ ಬಾಗಿಲಲ್ಲೇ ನಿಂತ, ಇನ್ನೊಬ್ಬ ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತ. ಕಿಸೆಯಿಂದ ಒಂದು ಕಾರ್ಡು ತೋರಿಸಿ ನಾನು ಓದುವ ಮೊದಲೇ ಒಳಗಿಟ್ಟುಕೊಂಡ. ಯಾವ ಶಾಖೆಯವರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಮಾತು ಮಾತ್ರ ಬಹಳ ಸೌಮ್ಯ. ಚೀಟಿಯಲ್ಲಿ ಬರೆದ ನಂಬರೊಂದನ್ನು ನನ್ನ ಮುಂದೆ ಸರಿಸಿದ.

"ಈ ಫೋನಿನಿಂದ ಮೂರು ತಿಂಗಳಾಗ ಎಲ್ಲೆಲ್ಲಿಗೆ ಮಾತಾಡ್ಯಾರ, ಪಟ್ಟಿ ಬೇಕ್ರಿ."

ನಂಬರು ನೋಡಿದ ಕೂಡಲೇ ಚಾಚಾನ ಅಂಗಡಿಯದೆಂದು ತಿಳಿಯಿತು. ಪತ್ರವೇನಾದರೂ ತಂದಿದ್ದೀರಾ ಎಂದು ಕೇಳಿದೆ. ಆತ ನಕ್ಕು, ನಿಮ್ಮ ಸಾಹೇಬರ ಜೊತೆಗೇ ಮಾತಾಡಿ ಎಂದ. ನನ್ನ ಮೇಲಧಿಕಾರಿಗೆ ಅಲ್ಲಿಂದಲೇ ಫೋನು ಮಾಡಿದೆ. ಅವರಿಗೆ ಮೊದಲೇ ಸುದ್ದಿ ಮುಟ್ಟಿತ್ತು.

"ಕೊಟ್ಟುಬಿಡವಾ. ಕಾಲ ಸರಿ ಇಲ್ಲ. ಹೊಸಾ ಕಾಯ್ದೆ ಬಂದೈತಿ, ಅಡ್ಡ ಬಂದವರನ್ನೂ ಒಳಗ ಹಾಕ್ತಾರ."

ಪ್ರಿಂಟರು ಕಿರ್ರೆಂದು ಕಾಗದ ಉಗುಳತೊಡಗಿತು. ಬರುಬರುತ್ತ ಸಾಲುಗಳು ಕಣ್ಣಿಗೆ ಬಿದ್ದವು. ಸೊಲ್ಲಾಪುರ, ಕೊಲ್ಹಾಪುರ, ಹುಬ್ಬಳ್ಳಿ. ಇವು ತಂತಿ ತರಿಸುವ ಅಂಗಡಿಗಳಿರಬೇಕು. ಇವುಗಳ ನಡುವೆ ಹೈದರಾಬಾದಿನ ಒಂದೇ ನಂಬರು ಮತ್ತೆ ಮತ್ತೆ ಬರುತ್ತಿತ್ತು. ಹೆಚ್ಚುಕಡಿಮೆ ಪ್ರತಿದಿನ, ಒಂದೂವರೆಯ ಸುಮಾರಿಗೆ, ಎರಡೋ ಮೂರೋ ನಿಮಿಷ. ಆತ ಕೆಂಪು ಪೆನ್ನು ತೆಗೆದು ಆ ಸಾಲುಗಳ ಕೆಳಗೆಲ್ಲ ಗೆರೆ ಎಳೆದ. ಅಂಗಡಿಗೆ ಹೊರಊರಿನವರು ಬರುತ್ತಾರೆಯೇ, ನಮಾಜಿಗೆ ಎಲ್ಲಿ ಹೋಗುತ್ತಾರೆ, ಮಕ್ಕಳೆಷ್ಟು ಎಂದೆಲ್ಲ ಕೇಳಿದ. ಗೊತ್ತಿಲ್ಲ ಎಂದೆ. ಅದನ್ನೂ ಬರೆದುಕೊಂಡ. ಬರೆದಿಡಲು ನಾನು ರಿಜಿಸ್ಟರಿಗೆ ಕೈ ಹಾಕಿದಾಗ, "ನೀವೇನೂ ಬರಕೊಳ್ಳೂದು ಬ್ಯಾಡ್ರಿ" ಎಂದ. ನಾನು ಕೈ ಹಿಂದೆ ತೆಗೆದೆ.

ಎಲ್ಲ ಸೇರಿ ಹದಿನೈದು ನಿಮಿಷವೂ ಆಗಲಿಲ್ಲ.

ಸಂಜೆ ಮನೆಗೆ ಹೋಗುವ ದಾರಿಯಲ್ಲೇ ಅವರ ಅಂಗಡಿ. ತಲೆ ತಗ್ಗಿಸಿ ದಾಟುತ್ತಿದ್ದೆ. ಅವರೇ ಒಳಗಿನಿಂದ ಕೂಗಿ, ಫ್ಯಾನು ಚೆನ್ನಾಗಿ ತಿರುಗುತ್ತಿದೆಯೇ ಎಂದು ಕೇಳಿದರು. ಹೌದ್ರಿ ಎಂದು ಹೇಳಿ ನಡೆದುಬಿಟ್ಟೆ. ಆಗಲೇ ಹೇಳಬಹುದಿತ್ತು. ಮರುದಿನ ಹೇಳಬಹುದಿತ್ತು, ಅದರ ಮರುದಿನವೂ. ನಾನು ಹೇಳಲಿಲ್ಲ.

ನಾಲ್ಕನೆಯ ದಿನ ಅವರನ್ನು ಕರೆದೊಯ್ದರು. ಅದೇ ಬಿಳಿ ಜೀಪು. ಮುಂಜಾನೆ ಅಂಗಡಿಯ ಮುಂದೆ ಹಾಯ್ದಾಗ ಬಾಗಿಲು ತೆರೆದೇ ಇತ್ತು. ಅರ್ಧ ಸುತ್ತಿದ ಮೋಟಾರು ಬೆಂಚಿನ ಮೇಲಿತ್ತು, ತಂತಿಯ ತುದಿ ಕೆಳಗೆ ಜೋತುಬಿದ್ದಿತ್ತು. ಎದುರಿನ ಚಹಾದಂಗಡಿಯಲ್ಲಿ ಹತ್ತಾರು ಜನ ನಿಂತಿದ್ದರು. ಇಪ್ಪತ್ತು ವರ್ಷ ಅವರ ಕೈಯಿಂದ ಮೋಟಾರು ಕಟ್ಟಿಸಿಕೊಂಡವನೊಬ್ಬ, ತನಗೆ ಮೊದಲಿನಿಂದಲೂ ಸಂಶಯವಿತ್ತು ಎನ್ನುತ್ತಿದ್ದ. ಯಾರೂ ಎದುರಾಡಲಿಲ್ಲ. ನಾನೂ ಆಡಲಿಲ್ಲ. ಎಲ್ಲೋ ಪೊಲೀಸರಿಗೆ ಸಿಕ್ಕಿಬಿದ್ದವನೊಬ್ಬನ ಕಿಸೆಯಲ್ಲಿ ಇವರ ಅಂಗಡಿಯ ರಸೀದಿ ಇತ್ತಂತೆ, ಮೋಟಾರು ರಿಪೇರಿಯದು. ಕಾರಣ ಅಷ್ಟೇ ಎಂದು ನಮಗೆ ತಿಳಿದದ್ದು ಬಹಳ ದಿನಗಳ ಮೇಲೆ.

ಮರುದಿನ ಹನ್ನೆರಡು ಗಂಟೆಗೆ ಅವರ ಹೆಂಡತಿ ಎಕ್ಸ್‌ಚೇಂಜಿಗೆ ಬಂದರು. ಚಾಚಿ ಅದುವರೆಗೆ ಒಮ್ಮೆಯೂ ನಮ್ಮ ಆಫೀಸಿನ ಮೆಟ್ಟಿಲು ಹತ್ತಿದವರಲ್ಲ. ಕೂತುಕೊಳ್ಳಿ ಎಂದರೂ ಕೂರಲಿಲ್ಲ. ಅಂಗಡಿಯ ಫೋನು ಮುಟ್ಟಲು ಹೆದರಿಕೆಯಾಗುತ್ತದೆ, ಇಲ್ಲಿಂದ ಒಂದು ನಂಬರಿಗೆ ಮಾತಾಡಿಸು ಎಂದು ಚೀಟಿ ಕೈಗಿತ್ತರು. ಕೆಂಪು ಗೆರೆ ಎಳೆಸಿಕೊಂಡ ಹೈದರಾಬಾದಿನ ನಂಬರೇ ಅದು.

ಅವರು ಹೇಳಿದ್ದು ಇಷ್ಟು. ಅವರ ಒಬ್ಬಳೇ ಮಗಳನ್ನು ನರಗುಂದಕ್ಕೆ ಕೊಟ್ಟಿದ್ದರು. ಗಂಡ ಹೊಡೆಯುತ್ತಿದ್ದ. ಎರಡು ಸಲ ತವರಿಗೆ ಓಡಿಬಂದವಳನ್ನು ಹಿರಿಯರು ಸಮಾಧಾನ ಹೇಳಿ ಮರಳಿ ಕಳಿಸಿದರು. ಮೂರನೆಯ ಸಲ ಆಕೆ ಮುರಿದ ಮಣಿಕಟ್ಟಿನೊಂದಿಗೆ ಬಂದಾಗ ಚಾಚಾ ಯಾರನ್ನೂ ಕೇಳಲಿಲ್ಲ. ಗದಗಿನಲ್ಲಿ ರೈಲು ಹತ್ತಿಸಿ ಹೈದರಾಬಾದಿಗೆ ಕರೆದೊಯ್ದು, ಹೊಲಿಗೆ ಕಲಿಸುವ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಬಿಟ್ಟುಬಂದರು. ಮಗಳು ಹೇಳದೆ ಕೇಳದೆ ಎಲ್ಲಿಗೋ ಹೋದಳು ಎಂದು ಊರಿಗೆಲ್ಲ ತಾವೇ ಹೇಳಿದರು. ಆ ಮಾತಿಗೆ ಜನ ಬೆನ್ನ ಹಿಂದೆ ಏನೆಲ್ಲ ಆಡಿಕೊಂಡರೋ ಅದನ್ನೆಲ್ಲ ಕೇಳಿಸಿಕೊಂಡು ಸುಮ್ಮನಿದ್ದರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಗಳು ಹಾಸ್ಟೆಲಿನ ಫೋನಿನ ಹತ್ತಿರ ಬರುತ್ತಿದ್ದಳು. ದಿನಾ ಎರಡು ಮಾತಾಡುತ್ತಿದ್ದರು.

"ಇವತ್ತ ಮುಂಜಾನಿ ಅಳಿಯನ ಅಣ್ಣ ಬಂದಿದ್ದ. ಪೊಲೀಸರು ನರಗುಂದಕ್ಕ ಹೋಗಿ, ಹೈದರಾಬಾದನ್ಯಾಗ ನಿಮ್ಮವರು ಯಾರದಾರ ಅಂತ ಅವರನ್ನ ಕೇಳ್ಯಾರ. ಹಾಸ್ಟೆಲಿನ ಹೆಸರೂ ಹೇಳ್ಯಾರ. ತನ್ನ ತಮ್ಮ, ಅದಽ ನಮ್ಮ ಅಳಿಯ, ಮುಂಜಾನಿ ಬಸ್ಸಿಗೇ ಹೊಂಟಾನ, ಸಂಜೀಕ ಮುಟ್ಟತಾನ ಅಂತ ಹೆದರಿಸಿ ಹ್ವಾದ." ಆಮೇಲೆ ನನ್ನ ಮುಖ ನೋಡಿ ಕೇಳಿದರು: "ನಮ್ಮಿಬ್ಬರನ್ನ ಬಿಟ್ರ ಯಾರಿಗೂ ಆ ನಂಬರ ಗೊತ್ತಿದ್ದಿಲ್ಲ. ಅವರಿಗೆ ಹ್ಯಾಂಗ ಗೊತ್ತಾತು, ತಂಗಿ?"

  ರಿಸೀವರು ಎತ್ತಿ ನಂಬರು ತಿರುಗಿಸಿದೆ. ಲೈನು ಸಿಗಲಿಲ್ಲ. ಎರಡನೆಯ ಸಲ ಯಾರೂ ಎತ್ತಲಿಲ್ಲ. ಗೋಡೆಯ ಗಡಿಯಾರ ಹನ್ನೆರಡೂವರೆ ದಾಟಿತ್ತು. ಬಸ್ಸು ಈಗ ಎಲ್ಲಿರಬಹುದು ಎಂದು ಮನಸ್ಸು ಲೆಕ್ಕ ಹಾಕುತ್ತಲೇ ಇತ್ತು. ಐದನೆಯ ಸಲ ಹಾಸ್ಟೆಲಿನ ಮೇಲ್ವಿಚಾರಕಿ ಎತ್ತಿ, ಮಗಳನ್ನು ಕರೆದಳು. ಚಾಚಿ ರಿಸೀವರು ಹಿಡಿದರು, ಮಗಳ ದನಿ ಕೇಳಿದ ಕೂಡಲೇ ಅಳು ಬಂದು ಮಾತು ಕಟ್ಟಿಹೋಯಿತು. ಅವರ ಕೈಯಿಂದ ನಾನೇ ತೆಗೆದುಕೊಂಡೆ.

"ನಾ ಟೆಲಿಫೋನ್ ಆಫೀಸಿನಾಕಿ ಮಾತಾಡಾಕತ್ತೀನಿ. ನಿಮ್ಮ ಗಂಡಗ ನೀವಿರೂ ಜಾಗಾ ಗೊತ್ತಾಗೈತಿ. ಬಸ್ಸಿನ್ಯಾಗ ಬರಾಕತ್ತಾನ. ಲಗೂನ ಅಲ್ಲಿಂದ ಹೊಂಡ್ರಿ."

 ಆಕೆ, ತನ್ನ ಅಪ್ಪ ಯಾಕೆ ಮಾತಾಡುತ್ತಿಲ್ಲ ಎಂದು ಕೇಳಿದಳು. ಪೊಲೀಸರು ವಿಚಾರಣೆಗೆ ಕರೆದಿದ್ದಾರೆ, ಬರುತ್ತಾರೆ ಎಂದೆ. ಬರುತ್ತಾರೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಆಕೆ ಅಳಲಿಲ್ಲ. ಆಯ್ತ್ರಿ ಎಂದು ಫೋನು ಇಟ್ಟಳು.

ಚಾಚಿ ಹೋದ ಮೇಲೆ ಬೀರು ತೆರೆದು ಸುತ್ತೋಲೆಗಳ ಫೈಲು ಹುಡುಕಿದೆ. ಬೇಕಾದದ್ದು ಸಿಕ್ಕಿತು. ಯಾರದೇ ಫೋನು ಕದ್ದು ಕೇಳಬೇಕಾದರೆ ರಾಜ್ಯದ ಗೃಹ ಕಾರ್ಯದರ್ಶಿಯ ಲಿಖಿತ ಆದೇಶ ಬೇಕು. ಕರೆಗಳ ವಿವರ ಕೊಡುವುದಕ್ಕೂ ಅಧಿಕಾರಿಯ ಸಹಿಯಿರುವ ಪತ್ರ ಬೇಕು, ಕೊಟ್ಟದ್ದನ್ನು ರಿಜಿಸ್ಟರಿನಲ್ಲಿ ದಾಖಲಿಸಬೇಕು. ಕೆಳಗೆ, ಓದಿ ತಿಳಿದುಕೊಂಡಿದ್ದೇನೆ ಎಂಬಲ್ಲಿ, ನನ್ನದೇ ಸಹಿಯಿತ್ತು. ಓದದೆ ಮಾಡಿದ ಸಹಿ.  ಆಮೇಲೆ ರಿಜಿಸ್ಟರು ತೆಗೆದು ಬರೆದೆ: ಇಂಥ ದಿನ, ಇಂಥ ಹೊತ್ತಿಗೆ, ಹೆಸರು ಹೇಳದ ಇಬ್ಬರಿಗೆ, ಮೇಲಧಿಕಾರಿಗಳ ಬಾಯಿಮಾತಿನ ಆದೇಶದಂತೆ, ಪತ್ರವಿಲ್ಲದೆ ಈ ನಂಬರಿನ ಪಟ್ಟಿ ಕೊಟ್ಟಿದ್ದೇನೆ. ಅದರ ಕೆಳಗೆ ಅಂದು ನಾನು ಹೈದರಾಬಾದಿಗೆ ಮಾಡಿದ ಕರೆಯನ್ನೂ ಬರೆದೆ.

ಮರುದಿನ ಆತ ಮತ್ತೆ ಬಂದ. ಈ ಸಲ ಮುಖದಲ್ಲಿ ನಗು ಇರಲಿಲ್ಲ. ಚಾಚಾನನ್ನು ಇಷ್ಟರಲ್ಲೇ ಬಿಡುತ್ತೇವೆ, ಬಿಟ್ಟ ಮೇಲೆ ಆತ ಯಾರ ಜೊತೆ ಮಾತಾಡುತ್ತಾನೆಂದು ಕೇಳಬೇಕು, ಅಂಗಡಿಯ ಲೈನಿಗೆ ಒಂದು ತಂತಿ ಜೋಡಿಸಿ ಹಿಂದಿನ ಕೋಣೆಗೆ ಎಳೆದುಕೊಡಿ, ನಮ್ಮವನೊಬ್ಬ ಅಲ್ಲಿ ಕೂರುತ್ತಾನೆ ಎಂದ. ಆ ಕೆಲಸಕ್ಕೆ ನನಗೆ ಐದು ನಿಮಿಷ ಸಾಕಿತ್ತು.

"ಗೃಹ ಕಾರ್ಯದರ್ಶಿಗಳ ಆದೇಶ ಬೇಕಾಗ್ತೈತ್ರಿ," ಎಂದೆ. 

 ಆತ ಮೆಲ್ಲಗೆ ಕೇಳಿದ: "ನಿನ್ನೆ ಹಾಸ್ಟೆಲಿಗೆ ಫೋನ್ ಮಾಡಿದಾಕಿ ಯಾರು?"

"ನಾನ ರೀ."

"ಹಿಂಥಾ ಮಂದಿಗೆ ಸಹಾಯ ಮಾಡಿದ್ರ ಈ ಕಾಯ್ದೆದಾಗ ಏನಾಗ್ತೈತಿ ಗೊತ್ತೈತೇನು ನಿಮಗ?"

ಗೊತ್ತಿರಲಿಲ್ಲ.  ಮನೆಯಲ್ಲಿ ಒಬ್ಬಳೇ ಇರುವ ಅವ್ವ ನೆನಪಾದಳು.  ರಿಜಿಸ್ಟರನ್ನು ತೆರೆದು ಆತನ ಕಡೆ ತಿರುಗಿಸಿದೆ. ಆತ ಬಗ್ಗಿ ಮೊದಲ ಸಾಲು ಓದಿದ, ಎರಡನೆಯದನ್ನೂ ಓದಿದ. ಮೂರನೆಯ ಸಾಲನ್ನು ನಾನು ಈಗಷ್ಟೇ ಬರೆದಿದ್ದೆ: ಫೋನು ಕೇಳಲು ತಂತಿ ಎಳೆಯಬೇಕೆಂದು ಕೇಳಿದ್ದಾರೆ. ಆತ ಕೇಳುತ್ತಿರುವಾಗಲೇ ಬರೆದದ್ದು. ಅದರ ಮುಂದೆ ಬೆರಳಿಟ್ಟು, ಇಲ್ಲಿ ನಿಮ್ಮ ಹೆಸರು ಬರೆದು ಸಹಿ ಮಾಡಿಕೊಡಿ, ಸಾಹೇಬರಿಗೆ ಕಳಿಸಿ ಕೇಳುತ್ತೇನೆ ಎಂದೆ.

ಆತ ಪೆನ್ನು ಮುಟ್ಟಲಿಲ್ಲ. ಬಾಗಿಲಲ್ಲಿ ನಿಂತವನನ್ನು ಒಮ್ಮೆ ನೋಡಿ ಎದ್ದ. ಆದೇಶ ತರುತ್ತೇನೆ, ಆಗ ನಿಮ್ಮನ್ನೂ ನೋಡಿಕೊಳ್ಳುತ್ತೇನೆ ಎಂದು ಹೇಳಿ ಹೋದ.  ಸಂಜೆ ಮೇಲಧಿಕಾರಿ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದರು. ತಮ್ಮ ಬಾಯಿಮಾತನ್ನು ಯಾಕೆ ಬರೆದೆ ಎಂಬುದೇ ಅವರ ಸಿಟ್ಟು. ಆ ಹಾಳೆ ಹರಿದುಹಾಕು ಎಂದರು. ಹರಿಯಲಿಲ್ಲ.

ಅದಾದ ಮೇಲೆ ಒಂದು ತಿಂಗಳು ರಸ್ತೆಯಲ್ಲಿ ಯಾವ ಜೀಪು ನಿಂತರೂ ಎದ್ದು ಕಿಟಕಿಯಿಂದ ನೋಡುತ್ತಿದ್ದೆ. ಆದೇಶ ಬರಲಿಲ್ಲ.

ಚಾಚಾನನ್ನು ಕರೆದೊಯ್ದ ಆರನೆಯ ದಿನ ಬಿಟ್ಟರು. ಕೇಸಿಲ್ಲ, ಕಾಗದವಿಲ್ಲ, ಯಾಕೆ ಕರೆದೊಯ್ದೆವೆಂಬ ಮಾತೂ ಇಲ್ಲ. ಮಗಳು ನಾನು ಫೋನು ಮಾಡಿದ ಮಧ್ಯಾಹ್ನವೇ ಮೇಲ್ವಿಚಾರಕಿಯ ಜೊತೆ ಹಾಸ್ಟೆಲು ಬಿಟ್ಟಿದ್ದಳು. ಗಂಡ ಸಂಜೆ ಬಂದು ಗೇಟಿನ ಮುಂದೆ ಕೂಗಾಡಿ ಹೋದನಂತೆ. ಇದನ್ನು ಹೇಳಲು ಚಾಚಿ ಮತ್ತೆ ಬಂದು, ನನ್ನ ಎರಡೂ ಕೈ ಹಿಡಿದುಕೊಂಡು ನಿನ್ನಿಂದ ಮಗಳು ಉಳಿದಳು ಎಂದರು. ಆ ಮಾತನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ. ಅಂದೇ ಸಂಜೆ ಅಂಗಡಿಗೆ ಹೋದೆ.

ಅವರು ಬೆಂಚಿನ ಮುಂದೆ ಕೂತು ತಂತಿ ಸುತ್ತುತ್ತಿದ್ದರು. ಆರು ದಿನದಲ್ಲಿ ಬಹಳ ಇಳಿದಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ: ಪಟ್ಟಿ ಕೊಟ್ಟವಳು ನಾನೇ, ಪತ್ರ ಕೇಳಿದೆ, ಆದರೆ ಹಟ ಹಿಡಿಯಲಿಲ್ಲ, ನಾಲ್ಕು ದಿನ ನಿಮಗೆ ತಿಳಿಸಲಿಲ್ಲ. ಅವರ ಕೈ ನಿಂತಿತು. 

"ನನ್ನ ಬಗ್ಗೆ ಏನರ ಕೇಳಿದ್ರ ನಾನ ಹೇಳತಿದ್ನಿ," ಎಂದರು. "ಆಕಿ ಇರೂ ಜಾಗಾ ಹೇಳೂ ಹಕ್ಕು ನನಗೂ ಇದ್ದಿಲ್ಲ, ತಂಗಿ. ನಿನಗ ಹ್ಯಾಂಗ ಬಂತು?"

 ಅವರು ಮತ್ತೆ ತಂತಿ ಸುತ್ತತೊಡಗಿದರು. ನಾನು ಹೊರಗೆ ಬಂದೆ.

ವಾರದೊಳಗೆ ಅವರ ಅರ್ಜಿ ನನ್ನ ಮೇಜಿಗೆ ಬಂತು, ಫೋನು ತೆಗೆದುಹಾಕಿ ಎಂದು. ಕಾರಣ ಬರೆಯುವ ಜಾಗದಲ್ಲಿ, ಬೇಕಾಗಿಲ್ಲ ಎಂದಷ್ಟೇ ಇತ್ತು. ಲೈನು ಬಿಚ್ಚಿದವಳೂ ನಾನೇ. ಆರು ತಿಂಗಳಿಗೆ ನನಗೆ ಹೊಳೆಆಲೂರಿಗೆ ವರ್ಗವಾಯಿತು. ನೌಕರಿ ಹೋಗಲಿಲ್ಲ. ಪೋಟಾ ಕಾಯ್ದೆ ರದ್ದಾದ ಸುದ್ದಿಯನ್ನು ಅಲ್ಲಿಯೇ ಪೇಪರಿನಲ್ಲಿ ಓದಿದೆ. ಅದರಲ್ಲಿನ ಎಷ್ಟೋ ಮಾತುಗಳು ಬೇರೆ ಕಾಯ್ದೆಯೊಳಗೆ ಸೇರಿಕೊಂಡವೆಂದು ಮುಂದೆ ತಿಳಿಯಿತು. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಪಟ್ಟಿ ಕೇಳಿಕೊಂಡು ನಮ್ಮಂಥವರ ಬಾಗಿಲಿಗೆ ಯಾರೂ ಬರಬೇಕಾಗಲಿಲ್ಲ.

ಮಲಪ್ರಭೆಗೆ ನೆರೆ ಬಂದು ಇಳಿದ ಒಂದು ವರ್ಷ, ನೀರಲ್ಲಿ ಮುಳುಗಿದ ಮೋಟಾರುಗಳನ್ನು ನೋಡಲು ಚಾಚಾ ಹೊಳೆಆಲೂರಿಗೆ ಬಂದಿದ್ದರು. ಸ್ಟೇಶನ್ ರಸ್ತೆಯಲ್ಲಿ ಎದುರಾದಾಗ ನಾನು ಪಕ್ಕಕ್ಕೆ ಸರಿದೆ. ಅವರೇ ನಿಂತು, ಅವ್ವ ಹೇಗಿದ್ದಾಳೆ ಎಂದು ಕೇಳಿದರು. ಚಹಾದಂಗಡಿಯಲ್ಲಿ ಕೂತೆವು. ಮಗಳಿಗೆ ಸೋಡಚೀಟಿ ಸಿಕ್ಕಿ ಆ ಗಂಡನಿಂದ ಬಿಡುಗಡೆಯಾಗಿದೆ, ನಾಲ್ಕು ಮಶಿನ್ನು ಇಟ್ಟುಕೊಂಡು ಸ್ವಂತ ಹೊಲಿಗೆ ಅಂಗಡಿ ತೆರೆದಿದ್ದಾಳೆ ಎಂದರು. ಯಾವ ಊರಲ್ಲಿ ಎಂದು ಹೇಳಲಿಲ್ಲ. ನಾನು ಕೇಳಲಿಲ್ಲ. ಚಹಾ ಮುಗಿಸಿ ಅವರು ಹೊಳೆಯ ಕಡೆ ಹೋದರು, ನಾನು ಆಫೀಸಿಗೆ ಹೋದೆ.