ಬಲಗಡೆಯ ಖಾಲಿ ಜಾಗ

ಹೋಟೆಲಿನ ನೆಲಮಾಳಿಗೆಯ ಇಸ್ತ್ರಿಕೋಣೆಯಲ್ಲಿ ಅವಳು ಕಾಲೂರಿ ಇಪ್ಪತ್ತೆರಡು ವರ್ಷವಾಗಿತ್ತು. ಎಲ್ಲರ ಬಾಯಲ್ಲೂ ಅವಳು ಇಸ್ತ್ರಿ ಅಕ್ಕ. ಗಂಟೆಗೆ ನಲವತ್ತು ದಿಂಬಿನ ಕವರು, ಅಂಚಿನಲ್ಲಿ ಒಂದು ಸುಕ್ಕೂ ಇಲ್ಲದೆ.

ಎರಡು ವರ್ಷದಿಂದ ಬಲಗೈ ಭುಜದ ಮಟ್ಟ ದಾಟುತ್ತಿರಲಿಲ್ಲ. ದಿನಾ ಬೆಳಿಗ್ಗೆ ಮಗಳೇ ತಲೆ ಬಾಚಿ ಜಡೆ ಹೆಣೆಯುತ್ತಿದ್ದಳು. ಇದು ಮನೆಯ ನಾಲ್ಕು ಗೋಡೆ ದಾಟಿರಲಿಲ್ಲ. ಇಸ್ತ್ರಿಕೋಣೆಯಲ್ಲಿ ‘ಆಗಲ್ಲ’ ಎಂದವರ ಹೆಸರು ಮುಂದಿನ ವಾರದ ಡ್ಯೂಟಿ ಪಟ್ಟಿಯಲ್ಲಿ ಇರುತ್ತಿರಲಿಲ್ಲ. ಹಾಗೆ ಹೋದ ಮೂವರನ್ನು ಅವಳು ಕಣ್ಣಾರೆ ಕಂಡಿದ್ದಳು. ಹಾಗಾಗಿ ಎಡಗೈಯಲ್ಲಿ ಇಸ್ತ್ರಿಪೆಟ್ಟಿಗೆ ತಳ್ಳುವುದನ್ನು ಕಲಿತಳು. ಯಾರಾದರೂ ಬಂದರೆ ಅದರ ಮೇಲೆ ಬಲಗೈಯನ್ನು ನೆಪಕ್ಕೆ ಇಡುತ್ತಿದ್ದಳು.

ಅಷ್ಟರಲ್ಲಿ ಮೇಲಿನ ಮಹಡಿಯ ಕೌಂಟರಿನ ಕೆಲಸ ಖಾಲಿಯಾಯಿತು. ಅತಿಥಿಗಳು ಕೇಳಿದ ಟವೆಲು, ದಿಂಬು ಕೊಡುವುದು. ಕೂರಲು ಕುರ್ಚಿ ಉಂಟು. ಒಂದಿಷ್ಟು ಇಂಗ್ಲಿಷ್ ಬಂದರೆ ಸಾಕು ಎಂದರು. ಮೂರು ಗಂಟೆಯ ಬಿಡುವಿನಲ್ಲಿ, ನೌಕರರ ಊಟದ ಕೋಣೆಯಲ್ಲಿ ಪಾಠ ಶುರುವಾಯಿತು. ಕಲಿಸುವವರು ನಿವೃತ್ತ ಟೈಪಿಸ್ಟ್, ಎಲ್ಲರಿಗೂ ಮೇಷ್ಟ್ರು.

“ಕ್ಯಾನ್ ಅಂದ್ರೆ ಈಗ ಆಗುತ್ತೆ. ಕುಡ್ ಅಂದ್ರೆ ಆಗ ಆಗ್ತಿತ್ತು. ನಿಮ್ಮ ಕೆಲಸದಿಂದಲೇ ವಾಕ್ಯ ಮಾಡಿ” ಎಂದರು ಮೇಷ್ಟ್ರು.

“ಐ ಕ್ಯಾನ್ ಐರನ್” ಎಂದಳು ಅವಳು.

“ಭೇಷ್. ಈಗ ಕ್ಯಾನಾಟ್ ಹಾಕಿ ಒಂದು ಹೇಳಮ್ಮ.”

ಪಾಠಕ್ಕೆ ಬಂದಿದ್ದ ಅಡುಗೆಯವನು, “ಮೇಷ್ಟ್ರೇ, ಈ ಹೋಟ್ಲಲ್ಲಿ ಆ ಮಾಲು ಸ್ಟಾಕ್ ಇಲ್ಲ!” ಎಂದ. ಎಲ್ಲರೂ ನಕ್ಕರು.

“ಐ ಕ್ಯಾನಾಟ್ ಫ್ಲೈ” ಎಂದಳು ಅವಳು, ಬಹಳ ಯೋಚಿಸಿ.

“ಹಾರೋಕೆ ಯಾರಿಗೂ ಆಗಲ್ಲ ಕಣಮ್ಮ. ನಿಮಗೆ ಆಗದೇ ಇರೋದು ಹೇಳಿ.”

“ಬಿಡುವು ಮುಗೀತು ಮೇಷ್ಟ್ರೇ” ಎಂದು ಅವಳು ಎದ್ದಳು.

ಸಂದರ್ಶನದ ಅರ್ಜಿಯಲ್ಲಿ ಎರಡು ಭಾಗ. ಎಡಗಡೆ ಬರುವ ಕೆಲಸ, ಬಲಗಡೆ ಆಗದ ಕೆಲಸ. ಸಂದರ್ಶನದ ದಿನ ಬೆಳಿಗ್ಗೆ ಜಡೆ ಹೆಣೆಯುತ್ತಿದ್ದ ಮಗಳ ಕಣ್ಣು ಅದರ ಮೇಲೆ ಬಿತ್ತು.

“ಬಲಗಡೆ ಏನೂ ಬರ್ದೇ ಇಲ್ವಲ್ಲಮ್ಮ?”

“ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕ್ಕೊಳ್ಲಾ?”

“ಮತ್ತೆ ಈ ಜಡೆ ಯಾರು ಹೆಣೀತಿರೋದು? ನಿಮ್ಮ ಮ್ಯಾನೇಜರ್ರಾ?”

“ಬಾಯ್ಮುಚ್ಕೊಂಡು ಹೆಣಿಯೇ. ಹೊತ್ತಾಯ್ತು.”

ಮ್ಯಾನೇಜರ್ ಇಂಗ್ಲಿಷಿನಲ್ಲಿ ನಾಲ್ಕು ಪ್ರಶ್ನೆ ಕೇಳಿದರು. ನಾಲ್ಕಕ್ಕೂ ಉತ್ತರ ಬಂತು. ಆಮೇಲೆ ಅರ್ಜಿ ನೋಡಿ ನಕ್ಕರು.

“ನಿಮಗೆ ಆಗದ ಕೆಲಸಾನೇ ಇಲ್ಲ! ಇಂಥವರನ್ನ ಕೆಳಗಿಂದ ಕಿತ್ತು ಕುರ್ಚಿ ಮೇಲೆ ಯಾಕೆ ಕೂರಿಸ್ಲಿ ಅಕ್ಕ? ನೀವಿಲ್ದೆ ಇಸ್ತ್ರಿಕೋಣೆ ನಡೆಯುತ್ತಾ?”

ಹೊಗಳಿಕೆಯನ್ನು ಮಡಿಲಿಗೆ ಹಾಕಿಕೊಂಡು ಅವಳು ಬಾಗಿಲ ತನಕ ಹೋದಳು. ನಿವೃತ್ತಿಗೆ ಇನ್ನೂ ಎಂಟು ವರ್ಷ. ಎಂಟು ವರ್ಷವನ್ನೂ ಎಡಗೈಯೇ ತಳ್ಳಬೇಕು. ಅವಳು ಹಿಂದಿರುಗಿ ಬಂದು ಮೇಜಿನ ಮುಂದೆ ನಿಂತಳು.

“ಸರ್, ಐ ಕುಡ್ ಐರನ್. ನೌ ಐ ಕ್ಯಾನಾಟ್.”

“ಯಾವಾಗಿಂದ?”

“ಎರಡು ವರ್ಷ ಆಯ್ತು.”

“ಹಾಗಾದ್ರೆ ಎರಡು ವರ್ಷದಿಂದ ಇಸ್ತ್ರಿ ಮಾಡ್ತಿರೋರು ಯಾರು?”

“ನಾನೇ ಸರ್. ಎಡಗೈಲಿ.”

ಬಲಗೈ ಎತ್ತಿ ತೋರಿಸಲು ಹೇಳಿದರು. ಉತ್ತರ ಸರಿಯೋ ತಪ್ಪೋ ತಿಳಿಯದ ವಿದ್ಯಾರ್ಥಿಯ ಕೈಯಂತೆ ಅದು ಅರ್ಧದಲ್ಲೇ ನಿಂತಿತು. ಮ್ಯಾನೇಜರ್ ಅರ್ಜಿಯ ಬಲಗಡೆಯ ಖಾಲಿ ಜಾಗದಲ್ಲಿ ತಾವೇ ಏನೋ ಬರೆದರು.

“ಸೋಮವಾರದಿಂದ ಮೇಲೆ ಬನ್ನಿ.”

ಖುಷಿಪಡುವಷ್ಟು ತ್ರಾಣ ಅವಳಲ್ಲಿರಲಿಲ್ಲ. ಕೆಳಗೆ ಅಂದಿನ ಅರವತ್ತು ಕವರುಗಳು ಇನ್ನೂ ಬಾಕಿಯಿದ್ದವು. ಪೆಟ್ಟಿಗೆಯನ್ನು ಎಡಗೈಯಲ್ಲಿ ಹಿಡಿದಳು. ಬಲಗೈಯನ್ನು ಪಕ್ಕದಲ್ಲಿ ಜೋತುಬಿಟ್ಟಳು.

“ಕೈಗೇನಾಯ್ತು ಅಕ್ಕ?” ಎಂದಳು ಬಟ್ಟೆ ಮಡಚುವವಳು.

“ಎತ್ತೋಕಾಗಲ್ಲ.”

ಮಡಚುವವಳು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

“ನನಗೂ ಎಡ ಮಂಡಿ ಬಗ್ಗಲ್ಲ. ಯಾರಿಗೂ ಹೇಳ್ಬೇಡ.”

ಇಸ್ತ್ರಿ ಅಕ್ಕ ತಲೆಯಾಡಿಸಿ ಮುಂದಿನ ಕವರು ಹಾಸಿದಳು.