ಮಾಮಾ ಫುರಾಹಾ ನೀರು ಕೇಳಿದ ದಿನ

ಕೆಂಪು ತಾಳೆಎಣ್ಣೆ ಕಾಯುವ ವಾಸನೆ ಎಲ್ಲಿ ಮೂಗಿಗೆ ಬಡಿದರೂ ಡಚ್ಚರ ನಾಡಿನ ನ್ಯೂವೆಗೈನ್ ಊರಿನ ನಮ್ಮ ಫ್ಲಾಟಿನ ಮೂರನೇ ಮಹಡಿ ನೆನಪಾಗುತ್ತದೆ. ಶಾಲೆ ಬಿಟ್ಟ ಮೇಲೆ, ಅಪ್ಪ ಅಮ್ಮ ಯುಟ್ರೆಕ್ಟಿನ ಆಫೀಸಿನಿಂದ ಬರುವವರೆಗೂ ನಾನು ಇರುತ್ತಿದ್ದದ್ದು ಎದುರು ಮನೆಯ ಮಾಮಾ ಫುರಾಹಾರ ಅಡುಗೆಮನೆಯಲ್ಲಿ. ಕಾಂಗೋದ ಪೂರ್ವದ ಬೆಟ್ಟಗಳಿಂದ ಯುದ್ಧಕ್ಕೆ ಹೆದರಿ ಬಂದ ವಿಧವೆ ಅವರು. 'ಮಾಮಾ' ಅಂದರೆ ತಾಯಿ, ಫುರಾಹಾ ಮಗಳ ಹೆಸರು. ತಾಯಂದಿರನ್ನು ಮಕ್ಕಳ ಹೆಸರಿನಿಂದ ಕರೆಯುವುದು ಅಲ್ಲಿಯ ರೂಢಿ. ಆ ಮಗಳು ಓಡಿಬರುವ ದಾರಿಯಲ್ಲೇ ತೀರಿಕೊಂಡಿದ್ದಳು. ಅದಕ್ಕಿಂತ ಹೆಚ್ಚು ಮಾಮಾ ಏನೂ ಹೇಳುತ್ತಿರಲಿಲ್ಲ. ನನ್ನೊಡನೆ ಅವರ ಮಾತು ಹರಕುಮುರುಕು ಡಚ್ಚಿನಲ್ಲಿ. ಮರಗೆಣಸಿನ ಸೊಪ್ಪು ಕುಟ್ಟುವಾಗ ಮಾತ್ರ ತಮ್ಮಷ್ಟಕ್ಕೆ ತಮ್ಮ ಬೆಟ್ಟದ ಫುಲೀರು ಭಾಷೆಯಲ್ಲಿ ಗುನುಗುತ್ತಿದ್ದರು. ಕೇಳುವವರಿಲ್ಲದೆ ನನಗೇ ಒಂದೊಂದು ಪದ ಕಲಿಸಿದರು. ನೀರಿಗೆ 'ಅಮೀಜಿ'. "ಸ್ವಾಹಿಲಿ ಸಂತೆಯ ಮಾತು, ಇದು ಒಲೆಯ ಮುಂದಿನ ಮಾತು. ನಮ್ಮ ಬೆಟ್ಟದ ಕೆಳಗೆ, ಸರೋವರದ ದಡದ ವೀರಾ ಜನರ ಮಾತೂ ಹೆಚ್ಚುಕಮ್ಮಿ ಇದೇ," ಎನ್ನುತ್ತಿದ್ದರು. ಅಮ್ಮನಿಗೆ ಹೇಳಿದರೆ, "ನಮ್ಮ ತುಳುವಿನ ಹಾಗೇ ಮನೆಯೊಳಗಿನ ಮಾತು ಮಾರಾಯ್ತಿ, ಪಾಪ," ಎಂದರು.

ನನಗೆ ಹನ್ನೊಂದಾದಾಗ ಮಾಮಾಗೆ ಪಾರ್ಶ್ವವಾಯು ಹೊಡೆಯಿತು. ನಾವು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಡಚ್ಚೂ ಸ್ವಾಹಿಲಿಯೂ ಅವರನ್ನು ಬಿಟ್ಟುಹೋಗಿದ್ದವು, ಉಳಿದದ್ದು ಫುಲೀರು ಒಂದೇ. ಫೋನಿನಲ್ಲಿ ಸಿಕ್ಕ ಸ್ವಾಹಿಲಿ ದುಭಾಷಿ ಸೋತು ಫೋನಿಟ್ಟ. ನರ್ಸು ದಿಂಬು ಸರಿಮಾಡಿದಳು, ಪರದೆ ಎಳೆದಳು, ಮಾಮಾ ಅಳತೊಡಗಿದರು. ಆ ತೊದಲಿನ ನಡುವೆ ನನಗೆ ಒಂದು ಪದ ಕೇಳಿಸಿತು, 'ಅಮೀಜಿ'. "ಅಮ್ಮಾ, ಆರೆಗ್ ನೀರ್ ಬೋಡು!" ಎಂದು ತುಳುವಿನಲ್ಲೇ ಕೂಗಿದೆ. ಅವರಿಗೆ ನೀರು ಬೇಕಂತೆ ಎಂದು ಅಮ್ಮ ನರ್ಸಿಗೆ ಡಚ್ಚಿನಲ್ಲಿ ಹೇಳಿದರು. ನುಂಗಲಾಗದ ಬಾಯಿಗೆ ಆಕೆ ಒದ್ದೆ ಸ್ಪಂಜು ಒತ್ತಿದಳು. ಮಾಮಾ ನನ್ನ ಕೈ ಬಿಡಲಿಲ್ಲ.

ಅಮ್ಮ ಸುಮ್ಮನೆ ಕೂರಲಿಲ್ಲ. ಆಫ್ರಿಕನ್ ಅಂಗಡಿಗಳಿಗೆ, ಚರ್ಚುಗಳಿಗೆ ಫೋನು ಮಾಡಿದರು. ಫುಲೀರು ಬಲ್ಲವರು ಸಿಗಲಿಲ್ಲ, ವೀರಾ ಹೆಂಗಸೊಬ್ಬಳು ಸಿಕ್ಕಳು. ಎರಡು ತಾಸು ರೈಲಿನಲ್ಲಿ ಬಂದು, ಕೋಟು ಕೂಡ ಬಿಚ್ಚದೆ ಹಾಸಿಗೆಯ ಅಂಚಿಗೆ ಕೂತು ತನ್ನ ಭಾಷೆಯಲ್ಲಿ ನಮಸ್ಕಾರ ಹೇಳಿದಳು. ಮಾಮಾ ತಮ್ಮದರಲ್ಲಿ ಉತ್ತರಿಸಿದರು. ಇಡೀ ಮಧ್ಯಾಹ್ನ ಹಾಗೇ ಕಳೆಯಿತು. ತೊದಲು ಮಾತು, ನಡುನಡುವೆ ನಗು. ಆಮೇಲೆ ಆ ಹೆಂಗಸು ಅತ್ತಳು.

"ಏನಂದರು?" ಅಮ್ಮ ಕೇಳಿದರು.

"ಮಗಳನ್ನು ಮಣ್ಣು ಮಾಡಿದ ಜಾಗ ಹೇಳಿದರು. ದಾರಿಬದಿಯ ಮಾವಿನ ಮರದ ಬುಡ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲವಂತೆ."

ಒಂದು ವಾರದಲ್ಲಿ ಮಾಮಾ ಹೋದರು. ಎದುರು ಮನೆಗೆ ಹೊಸ ಬಣ್ಣ ಬಂತು, ಹೊಸ ಜನ ಬಂದರು. ಮರುವರ್ಷ ಆ ವೀರಾ ಹೆಂಗಸು ಊರಿಗೆ ಹೋದವಳು ಮರ ಹುಡುಕಿ, ಮಾಮಾ ಆ ಮಧ್ಯಾಹ್ನ ತನ್ನ ಕೈಲಿ ಹೇಳಿಕಳಿಸಿದ್ದನ್ನು ಅಲ್ಲಿ ನಿಂತು ಮಗಳಿಗೆ ಒಪ್ಪಿಸಿ ಬಂದಳಂತೆ. ಏನು ಹೇಳಿಕಳಿಸಿದ್ದರೆಂದು ಆಕೆ ನಮಗೆ ತಿಳಿಸಲಿಲ್ಲ. ನಾವೂ ಕೇಳಲಿಲ್ಲ.