ಡಿಕ್ಕಿಯಲ್ಲಿ ಬಾಂಬರ್ ವಿಮಾನ

ನನ್ನ ಗಂಡನಿಗೆ ದುಬೈಯ ನೈಫ್ ಪೇಟೆಯಲ್ಲಿ ಪ್ಲೈವುಡ್ ಅಂಗಡಿ. ಬಾಯಲ್ಲಿ ಮಾತ್ರ ಎರಡನೇ ಮಹಾಯುದ್ಧ. ಬ್ರಿಟಿಷರ ಮೊಸ್ಕಿಟೊ ಎಂಬ ಬಾಂಬರ್ ವಿಮಾನದ ಚರಿತ್ರೆ ಕೇಳದೆ ನಮ್ಮ ಮನೆಯಿಂದ ಯಾರೂ ಚಪ್ಪಲಿ ಮೆಟ್ಟಿದ್ದಿಲ್ಲ. ಲೋಹಕ್ಕೆ ತತ್ವಾರ ಬಂದ ಕಾಲದಲ್ಲಿ ಅದನ್ನು ಮರದಿಂದ ಮಾಡಿದ್ದು, ಕುರ್ಚಿ ಮಂಚ ಮಾಡುವವರು ಅದರ ಭಾಗಗಳನ್ನು ತಯಾರಿಸಿದ್ದು, ಒಂದು ಬಂದೂಕೂ ಇಲ್ಲದೆ ಬರೀ ವೇಗದಿಂದಲೇ ಶತ್ರುವಿನ ಕೈ ತಪ್ಪಿಸಿಕೊಂಡು ಬರುತ್ತಿದ್ದದ್ದು, ಎಲ್ಲ ನನಗೆ ಬಾಯಿಪಾಠ. "ಪ್ಲೈವುಡ್ ಮಾರಾಯ್ರೆ, ಪ್ಲೈವುಡ್" ಎಂದು ಅವರು ತೊಡೆ ತಟ್ಟುವಾಗ ಆ ಹಲಗೆಗಳೆಲ್ಲ ನಮ್ಮ ಅಂಗಡಿಯಿಂದಲೇ ಹೋದವೇನೋ ಅನಿಸಬೇಕು.

ಅಂಗಡಿಯ ಚೂರುಗಳಿಗೆ ಬಿಸಿ ಅಂಟು ಹಾಕಿ ಅದರದೊಂದು ಮಾದರಿಯನ್ನೂ ಮಾಡಿ ಷೋಕೇಸಿನಲ್ಲಿ ಇಟ್ಟಿದ್ದರು. ಅತಿಥಿಗಳ ಕಣ್ಣು ಅದರ ಮೇಲೆ ಬಿದ್ದರೆ ಸಾಕು, ಕಥೆ ಶುರು. ಹಿಂದೊಮ್ಮೆ ಮಗಳನ್ನು ನೋಡಲು ಬಂದವರು ಇಡೀ ಯುದ್ಧ ಕೇಳಿ ಎದ್ದು ಹೋದವರು ಮತ್ತೆ ಫೋನೇ ಮಾಡಲಿಲ್ಲ. ಮಗಳಿಗೆ ಆಗ ಬೇಸರವಾಗಲಿಲ್ಲ. ಈ ಸಲದ ಹುಡುಗ ಅವಳೇ ಮೆಚ್ಚಿದವನು. ಅವನ ಅಪ್ಪ ಅಮ್ಮ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಿಂದ ಬರುವ ದಿನ ಬೆಳಿಗ್ಗೆ ಅವಳು ನನ್ನ ಹತ್ತಿರ ಬಂದು, "ಅಮ್ಮಾ ಪ್ಲೀಸ್, ನೋ ಏರೋಪ್ಲೇನ್ ಟುಡೇ" ಎಂದಳು.

ಗಂಡನಿಂದ ತಲೆ ಮುಟ್ಟಿಸಿ ಆಣೆ ಮಾಡಿಸಿಕೊಂಡೆ. ಆಣೆಯ ಮೇಲೂ ನಂಬಿಕೆ ಸಾಲದೆ ವಿಮಾನವನ್ನು ಒಯ್ದು ಕಾರಿನ ಡಿಕ್ಕಿಯಲ್ಲಿಟ್ಟೆ. ಆಗಸ್ಟ್ ತಿಂಗಳು, ಕಾರು ನಿಂತಿದ್ದು ಬಯಲಿನ ಪಾರ್ಕಿಂಗಿನಲ್ಲಿ. ಇಷ್ಟು ವರ್ಷ ದುಬೈಯಲ್ಲಿದ್ದೂ ನನಗೆ ಅದು ಹೊಳೆಯಲಿಲ್ಲ.

ಬಂದವರು ಕೂತರು. ಹುಡುಗನ ಅಪ್ಪ ರುವೈಸ್‌ನ ತೈಲ ರಿಫೈನರಿಯಲ್ಲಿದ್ದು ನಿವೃತ್ತರಾದವರು. ಅವರು ಹೂಂ ಎನ್ನುವುದಿಲ್ಲ, ನಮ್ಮವರು ಹಾಂ ಎನ್ನುವುದಿಲ್ಲ. ಸೆಕೆಯ ವಿಷಯ ಒಂದು ಸುತ್ತು ಬಂದು ಮುಗಿಯಿತು. ಗೋಳಿಬಜೆ ಆರಿತು. ಸಾವಿನ ಮನೆಯಲ್ಲೂ ಜನ ಇದಕ್ಕಿಂತ ಹೆಚ್ಚು ಮಾತಾಡುತ್ತಾರೆ. ಮಗಳು ಸೆರಗಿನ ತುದಿ ಸುತ್ತುತ್ತಾ ನನ್ನನ್ನೇ ನೋಡುತ್ತಿದ್ದಳು. ಅಳು ಬರುವ ಹಾಗಾಗಿ ನಾನು ಚಹಾದ ನೆಪದಲ್ಲಿ ಅಡಿಗೆಮನೆಗೆ ಹೋದೆ.

ಹುಡುಗನ ಅಮ್ಮ ಹಿಂದೆಯೇ ಬಂದರು. "ನಿಮ್ಮವರಿಗೆ ನಾವು ಹಿಡಿಸ್ಲಿಲ್ವಾ?" ಎಂದು ಮೆಲ್ಲಗೆ ಕೇಳಿದರು.

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ವಿಮಾನ, ಆಣೆ, ಡಿಕ್ಕಿ ಎಲ್ಲ ಒದರಿಬಿಟ್ಟೆ. ಅವರು ವ್ಯಾನಿಟಿ ಬ್ಯಾಗಿನಿಂದ ಒಂದು ಪುಟ್ಟ ಬಾಟಲಿ ತೆಗೆದರು. ಒಳಗೆ ಕಪ್ಪಗಿನ ಕಚ್ಚಾ ತೈಲ.

"ನಮ್ಮವ್ರು ಸಿಕ್ಕಿದವ್ರಿಗೆಲ್ಲ ಇದನ್ನು ಮೂಸಿಸ್ತಾರೆ. ಇದ್ರಿಂದ ಪೆಟ್ರೋಲು ಹೇಗೆ ಬರ್ತದೆ ಅಂತ ಶುರು ಮಾಡಿದ್ರೆ ಮುಗೀಲಿಕ್ಕೇ ಇಲ್ಲ. ಇವತ್ತು ಬಾಯಿ ಬಿಡ್ಬೇಡಿ ಅಂತ ನಾನೇ ಹೇಳಿದ್ದು."

ನಾವಿಬ್ಬರೂ ಸಿಂಕ್ ಹಿಡಿದುಕೊಂಡು ನಕ್ಕೆವು. ಹೊರಗೆ ಬಂದು ಅವರು ಬಾಟಲಿಯನ್ನು ತಮ್ಮ ಗಂಡನ ಮುಂದಿಟ್ಟರು, ನಾನು ಕಾರಿನ ಕೀಲಿಯನ್ನು ನನ್ನ ಗಂಡನ ಕೈಗಿಟ್ಟೆ. ನಮ್ಮವರು ಸಣ್ಣ ಹುಡುಗನಂತೆ ಓಡಿದರು. ತಿರುಗಿ ಬಂದಾಗ ಅಂಗೈಯಲ್ಲಿ ರೆಕ್ಕೆ ಬೇರೆ, ಬಾಲ ಬೇರೆ. ಅಂಟೆಲ್ಲ ಕರಗಿ ನೂಲು ನೂಲಾಗಿತ್ತು. ಅವರು ಚೂರುಗಳನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಬೀಗರಾಗಬೇಕಾದವರ ಕಡೆ ತಿರುಗಿದರು.

"ನೋಡಿ, ಯುದ್ಧದಲ್ಲೂ ಇದೇ ಆದದ್ದು. ನಮ್ಮ ಇಂಡಿಯಾದ ಸೆಕೆಗೆ, ಮಳೆಗೆ ಅಂಟೇ ಬಿಟ್ಟು ಹೋಯ್ತು."

ಹುಡುಗನ ಅಪ್ಪ ರೆಕ್ಕೆ ಎತ್ತಿ ಮೂಸಿ, "ಈ ಅಂಟು ಕೂಡ ಪೆಟ್ರೋಲಿಯಮ್ಮಿಂದಲೇ ಬರೋದು, ಗೊತ್ತುಂಟಾ?" ಎಂದರು.

ಅಲ್ಲಿಗೆ ಕಟ್ಟೆ ಒಡೆಯಿತು. ಕತ್ತಲಾದರೂ ಇಬ್ಬರೂ ಏಳಲಿಲ್ಲ. ಹುಡುಗ, ಹುಡುಗಿ ಯಾರೆಂಬುದೂ ಅವರಿಗೆ ನೆನಪಿದ್ದಂತಿರಲಿಲ್ಲ. ಹುಡುಗನ ಅಮ್ಮ ನನ್ನ ಮಗಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು ನನಗೆ ಹೇಳಿದರು.

"ಮದುವೆ ದಿನ ಈ ಅಪ್ಪಂದಿರಿಬ್ಬರನ್ನು ಒಂದೇ ಟೇಬಲಿನಲ್ಲಿ ಕೂರಿಸುವ. ಉಳಿದವರು ಬಚಾವು."